ಹಾವುಮೀನಿಗೆ ಜ್ವರ

ಮುನಿಯಮ್ಮನ ಹತ್ತಿರ ಮೀನಿನ ತೊಟ್ಟಿಗೆ ಹಾಕಲು ಮುಚ್ಚಳ ಇರಲಿಲ್ಲ. ಬೆಳಗಿನವರೆಗೂ ಇತ್ತು. ಈಗ ಅದು ಚೂರುಚೂರಾಗಿ ಮೊರದಲ್ಲಿ ಬಿದ್ದಿತ್ತು.

ಮೀನಿಗೆ ಎರೆಹುಳು ಹಾಕಲೆಂದು ಆ ಗಾಜಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿ, ಇನ್ನೇನು ಗೋಡೆಗೆ ಒರಗಿಸಬೇಕು ಎನ್ನುವಾಗ ಗಂಡ ಬೋರಲಿಂಗಯ್ಯ ಅಂಗಳದಿಂದ ಕೂಗಿದ್ದ. ಫೋನು ಇನ್ನೂ ಅವನ ಕಿವಿಯಲ್ಲೇ ಇತ್ತು. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಮಗ ನರೇಂದ್ರನ ಬಲಗೈ ಪ್ರೆಸ್ ಮಿಷಿನ್ನಿಗೆ ಸಿಕ್ಕಿಕೊಂಡಿತ್ತು. ಬೆಂಗಳೂರಿನ ಆಸ್ಪತ್ರೆಗೆ ಆಗಲೇ ಸಾಗಿಸಿದ್ದರು. ಗಾಜು ಯಾವಾಗ ಕೈಬಿಟ್ಟಿತೋ ಮುನಿಯಮ್ಮನಿಗೆ ತಿಳಿಯಲಿಲ್ಲ. ಕಾಲಬೆರಳಿನಿಂದ ರಕ್ತ ಬರುತ್ತಿದ್ದುದನ್ನು ಗಂಡ ಹೊರಟುಹೋದ ಮೇಲೆ ನೋಡಿಕೊಂಡಳು.

ತಾನೂ ಹೋಗುತ್ತೇನೆ ಎನ್ನುವ ಹಾಗಿರಲಿಲ್ಲ. ಹುಳು ನಾಲ್ಕನೇ ಜ್ವರ ಎದ್ದಿದ್ದವು. ರೇಷ್ಮೆ ಹುಳು ಪೊರೆ ಬಿಡಲು ತಲೆ ಎತ್ತಿ ಸ್ತಬ್ಧವಾಗಿ ನಿಲ್ಲುವುದನ್ನು ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದನ್ನು ದಾಟಿದ ಹುಳುವಿಗೆ ಹೊಟ್ಟೆಯ ಹೊರತು ಬೇರೇನೂ ಇರುವುದಿಲ್ಲ. ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು. ಮನೆಯಲ್ಲಿ ಹೆಣವೇ ಬಿದ್ದಿದ್ದರೂ ಮೊದಲು ಸೊಪ್ಪು ಹಾಕಿ ಆಮೇಲೆ ಅಳಬೇಕು ಎಂದು ಅವಳ ಅತ್ತೆ ಹೇಳುತ್ತಿದ್ದಳು, ಹಾಗೇ ನಡೆದುಕೊಂಡೂ ಇದ್ದಳು. ಮುನಿಯಮ್ಮ ಕಾಲಿಗೆ ಬಟ್ಟೆ ಸುತ್ತಿಕೊಂಡು ಹುಳು ಮನೆಗೆ ಹೋದಳು.

ಮೀನಿನ ತೊಟ್ಟಿ ನಡುಮನೆಯಲ್ಲಿ ಟಿವಿಯ ಪಕ್ಕ ಇತ್ತು. ಅದರಲ್ಲಿ ಇದ್ದವು ಮೂರು ಹಾವುಮೀನು. ನರೇಂದ್ರ ಅವಕ್ಕೆ ಈಲು ಎನ್ನುತ್ತಿದ್ದ. ಕನಕಪುರದ ಗಫಾರನ ಅಂಗಡಿಯಿಂದ ಒಂದೊಂದಾಗಿ ತಂದು ಸಾಕಿದ್ದ. ಎರಡು ಚಿಕ್ಕವು, ಮೈಮೇಲೆ ಚುಕ್ಕೆ. ದೊಡ್ಡದು ಮೊಣಕೈ ಉದ್ದ. ಕಂದು ಮೈಗೆ ಕಾದ ಕಬ್ಬಿಣದಲ್ಲಿ ಎಳೆದ ಹಾಗೆ ಕೆಂಪು ಗೀರುಗಳು, ಮುಂದಕ್ಕೆ ಚಾಚಿದ ಚೂಪು ಮೂತಿ. ಹಗಲೆಲ್ಲ ಮರಳಿನಲ್ಲಿ ಹೂತುಕೊಂಡು ಮೂತಿ ಮಾತ್ರ ಹೊರಗಿಟ್ಟಿರುತ್ತಿದ್ದವು. ಮೊದಲ ಸಲ ದೊಡ್ಡದು ಮರಳಿನಿಂದ ಎದ್ದು ಗಾಜಿನುದ್ದಕ್ಕೂ ಹರಿದದ್ದನ್ನು ನೋಡಿದ ಮುನಿಯಮ್ಮ ಆ ದಿನ ನಡುಮನೆಯಲ್ಲಿ ಊಟ ಮಾಡಿರಲಿಲ್ಲ. ಮನೆಯೊಳಗೆ ಹಾವು ಸಾಕುವ ಮಗ ನನಗೊಬ್ಬಳಿಗೇ ಹುಟ್ಟಿದ್ದು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಮಾರನೆಯ ದಿನ ಫೋನು ಬಂತು. ಮಗನ ದನಿ ಬಾಯಲ್ಲಿ ಹತ್ತಿ ಇಟ್ಟುಕೊಂಡವರ ದನಿಯಂತಿತ್ತು.

"ಅವ್ವ, ಈಲು ಎಂಗವೆ?"

"ಚೆಂದಾಗವೆ ಕಣಪ್ಪ. ನಿನ್ ಕೈ ಎಂಗೈತೆ?"

"ಮುಚ್ಚಳ ಸರ್ಯಾಗಿ ಮುಚ್ಚಿದ್ದೀಯ?"

"ಮುಚ್ಚೀನಿ," ಎಂದಳು. ಮೊರ ಇನ್ನೂ ಬಾಗಿಲ ಹಿಂದೆಯೇ ಇತ್ತು.

ಪೆನ್ಸಿಲ್ ತೂರುವಷ್ಟು ಸಂದು ಸಿಕ್ಕರೂ ಅವು ಹೊರಗೆ ಬರುತ್ತವೆ, ನೆಲಕ್ಕೆ ಬಿದ್ದರೆ ಒಣಗಿ ಸಾಯುತ್ತವೆ ಎಂದು ಅವನು ನಿಧಾನವಾಗಿ ಹೇಳಿದ. ಮೈಮೇಲೆ ಬೇರೆ ಮೀನಿನ ಹಾಗೆ ಗಟ್ಟಿ ಪೊರೆ ಇಲ್ಲ, ಹಾಗಾಗಿ ಕೈಯಲ್ಲಿ ಸೋಪಿನ ಅಂಶ ಇರಬಾರದು, ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ, ಜಿರಳೆ ಔಷಧಿ ಯಾವುದೂ ಬೇಡ ಎಂದ. ಮುನಿಯಮ್ಮನಿಗೆ ಎದೆ ಹಗುರಾಯಿತು. ಇದೆಲ್ಲ ಅವಳಿಗೆ ಗೊತ್ತಿದ್ದ ವಿದ್ಯೆಯೇ. ಹುಳು ಮನೆಯ ಹತ್ತಿರ ಹೊಗೆಸೊಪ್ಪು ಅಗಿದವನನ್ನು ಕೂಡ ಅವಳು ಸೇರಿಸುತ್ತಿರಲಿಲ್ಲ.

"ಹುಳೀನಂಗೆ ಅನ್ನು," ಎಂದಳು.

"ಹ್ಞೂ ಕಣವ್ವ. ಹುಳೀನಂಗೇಯ."

ಆಮೇಲೆ ಬೋರಲಿಂಗಯ್ಯ ಫೋನು ತೆಗೆದುಕೊಂಡು ಆಸ್ಪತ್ರೆಯ ವರಾಂಡಕ್ಕೆ ಬಂದ. ನಡುವಿನ ಎರಡು ಬೆರಳು ಉಳಿಯುವುದು ಅನುಮಾನ, ಡಾಕ್ಟರು ನಾಳೆ ನೋಡಿ ಹೇಳುತ್ತಾರಂತೆ ಎಂದ. ದನಿ ತಗ್ಗಿಸಿ, "ಕೈ ವಿಸ್ಯ ಎತ್ತುದ್ರೆ ಗ್ವಾಡೆ ಕಡೀಕೆ ತಿರಿಕತಾನೆ. ಅನ್ನ ಬ್ಯಾಡ, ಮಾತು ಬ್ಯಾಡ. ಬಾಯ್ ಬುಡದು ಆ ಮೀನಿಗೆ ಒಂದಕ್ಕೇಯ. ಅವನ್ನ ಒಸಿ ಉಸಾರಾಗಿ ನೋಡ್ಕೊ ಕಣೆ," ಎಂದ.

ಮುನಿಯಮ್ಮ ಅಟ್ಟದಿಂದ ಊಜಿ ಪರದೆ ಇಳಿಸಿದಳು. ರೇಷ್ಮೆ ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣ ಒಳಗೆ ಬರದಿರಲೆಂದು ಕಿಟಕಿಗೆ ಕಟ್ಟುವ ನೈಲಾನ್ ಬಲೆ ಅದು. ನೊಣ ಬರದ ಕಡೆ ಮೀನು ಹೇಗೆ ಹೋದೀತು. ಎರಡು ಮಡಿಕೆ ಮಾಡಿ ತೊಟ್ಟಿಯ ಬಾಯಿಗೆ ಹೊದಿಸಿ, ಸೈಕಲ್ ಟ್ಯೂಬು ಸೀಳಿ ಸುತ್ತ ಬಿಗಿದಳು. ಗಾಳಿ ಪಂಪಿನ ಪೈಪು, ಫಿಲ್ಟರಿನ ವೈರು ಒಳಗೆ ಹೋಗುವ ಮೂಲೆಯಲ್ಲಿ ಬಲೆ ಸ್ವಲ್ಪ ಎದ್ದು ನಿಂತಿತು. ಅಲ್ಲಿಗೆ ಒಂದು ಬಟ್ಟೆ ತುರುಕಿದಳು.

ಬೋರಲಿಂಗಯ್ಯನ ಚಿಕ್ಕಪ್ಪನ ಮಗ ಚೆಲುವಯ್ಯ ಮೊಪೆಡ್ಡಿನಲ್ಲಿ ಸೊಪ್ಪಿನ ಹೊರೆ ತಂದ. ಅಣ್ಣ ಇಲ್ಲದಾಗ ತೋಟದ ಕೆಲಸ ಅವನದು. ಹೊರೆ ಹೊತ್ತು ನಡುಮನೆ ದಾಟುವಾಗ ತೊಟ್ಟಿ ನೋಡಿ ನಿಂತ.

"ಹಾವಿಗೆ ಸೊಳ್ಳೆ ಪರ್ದೆ ಕಟ್ಟಿದ್ದೀರಲ್ಲ ಅತ್ಗೆ. ನಮ್ಮಂಥೋರ್ಗಿಲ್ಲ ಆ ಯೋಗ."

"ನೀನೂ ನೀರಲ್ಲಿ ಬಿದ್ದಿರು, ಕಟ್ತೀನಿ. ಮೊದ್ಲು ಸೊಪ್ಪು ಇಳ್ಸು."

ಹಿಂದಿನ ಕೋಣೆಯಲ್ಲಿ ಸೊಪ್ಪು ಒಟ್ಟಿ, ಬಾಡದಿರಲೆಂದು ಮೇಲೆ ನೆನೆಸಿದ ಗೋಣಿತಾಟು ಹೊದಿಸಿದರು. ಮುನಿಯಮ್ಮ ಎರಡು ಹಿಪ್ಪುನೇರಳೆ ಕಡ್ಡಿ ಮುರಿದು, ಒಂದನ್ನು ತೊಟ್ಟಿಯ ಉದ್ದಕ್ಕೆ, ಇನ್ನೊಂದನ್ನು ಅಗಲಕ್ಕೆ ಸರಿಯಾಗಿ ಕತ್ತರಿಸಿ ಚೆಲುವಯ್ಯನ ಕೈಗೆ ಕೊಟ್ಟಳು. ಕನಕಪುರದಲ್ಲಿ ಗಫಾರನಿಗೆ ಕೊಡಬೇಕು, ಅದೇ ಅಳತೆಗೆ ಗಾಜು ಕೊಯ್ಸಿ ಕೊಡಲಿ, ಒಂದು ಮೂಲೆ ವೈರಿಗೆ ಬಿಡಲಿ. ಚೆಲುವಯ್ಯ ಸಂಜೆ ಫೋನು ಮಾಡಿದ. ಗಾಜಿನವನು ಮದುವೆಗೆ ಹೋಗಿದ್ದಾನಂತೆ, ಬಂದ ತಕ್ಷಣ ಕೊಯ್ಸಿ ಇಡುತ್ತೇನೆ ಎಂದು ಗಫಾರ್ ಕಡ್ಡಿಗಳನ್ನು ಗಲ್ಲಾದ ಹಿಂದೆ ಸಿಕ್ಕಿಸಿಕೊಂಡನಂತೆ.

ಅಲ್ಲಿಂದ ಮುಂದೆ ಮುನಿಯಮ್ಮನಿಗೆ ಹುಳು ಮನೆಗೂ ನಡುಮನೆಗೂ ಓಡಾಡುವುದೇ ಆಯಿತು. ಹುಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳಿಸುತ್ತಿತ್ತು. ಅದರ ನಡುವೆಯೂ ಅವಳ ಕಿವಿ ಪಂಪಿನ ಗುಂಯ್‌ಗುಟ್ಟುವಿಕೆಯ ಮೇಲೆ ಇರುತ್ತಿತ್ತು. ಕರೆಂಟು ಹೋಗಿ ಪಂಪು ನಿಂತರೆ ಕೈಯಲ್ಲಿದ್ದ ಸೊಪ್ಪು ಬಿಟ್ಟು ಬಂದು ಮೂತಿ ಎಣಿಸುತ್ತಿದ್ದಳು. ಒಂದು, ಎರಡು, ಮೂರು. ಮುಸ್ಸಂಜೆಗೆ ಎರೆಹುಳು ಹಿಡಿದು ನೀರಿಗೆ ಬೆರಳಿಟ್ಟಾಗ ದೊಡ್ಡದು ಮರಳಿನಿಂದ ಎದ್ದು ಬಂತು. ಅವಳು ಕಣ್ಣು ಮುಚ್ಚಿಕೊಂಡಳು. ಬೆರಳತುದಿಗೆ ಮೆತ್ತಗೆ ಏನೋ ತಾಗಿ ಎರೆಹುಳು ಮಾಯವಾಯಿತು. ಕಣ್ಣು ಬಿಟ್ಟಾಗ ಅದು ಮೂತಿಯನ್ನು ಅತ್ತಿತ್ತ ಆಡಿಸುತ್ತ ಇನ್ನೊಂದಕ್ಕೆ ಕಾಯುತ್ತಿತ್ತು. ಹಾವು ಹೀಗೆ ಕಾಯುವುದಿಲ್ಲ, ಇದು ಬೇರೆ ಜಾತಿ, ಎಂದು ಅವಳಿಗೆ ಅನ್ನಿಸಿತು.

ನಾಲ್ಕೈದು ದಿನ ಕಳೆದು ಒಂದು ಬೆಳಗ್ಗೆ ಎಣಿಸಿದಾಗ ಮೂತಿ ಎರಡೇ ಇದ್ದವು.

ಕಡ್ಡಿ ತೆಗೆದುಕೊಂಡು ಮರಳು ಕೆದಕಿದಳು. ಚಿಕ್ಕವೆರಡು ಎದ್ದು ಓಡಾಡಿ ಮತ್ತೆ ಹೂತುಕೊಂಡವು. ದೊಡ್ಡದು ಇರಲಿಲ್ಲ. ಮೂಲೆಗೆ ತುರುಕಿದ್ದ ಬಟ್ಟೆ ಟಿವಿಯ ಹಿಂದೆ ಬಿದ್ದಿತ್ತು. ಮಂಚದ ಕೆಳಗೆ, ಅಕ್ಕಿ ಡ್ರಮ್ಮಿನ ಹಿಂದೆ, ಚಪ್ಪಲಿಗಳ ನಡುವೆ ಹುಡುಕಿದಳು. ಇರುವೆ ಸಾಲು ಕಂಡರೆ ಅದರ ಹಿಂದೆಯೇ ಹೋಗಿ ನೋಡಿದಳು. ಒಂದು ಸಾಲು ಸಕ್ಕರೆ ಡಬ್ಬಿಗೆ ಹೋಗಿತ್ತು, ಇನ್ನೊಂದು ಸತ್ತ ಜಿರಳೆಗೆ. ಬೆಕ್ಕು ಜಗುಲಿಯ ಮೇಲೆ ಮೂತಿ ನೆಕ್ಕಿಕೊಳ್ಳುತ್ತ ಕೂತಿತ್ತು. ಅದನ್ನು ಹಿಡಿದು ಬಾಯಿ ಮೂಸಿದಳು. ಬರೀ ಹಾಲಿನ ವಾಸನೆ.

ಬೆಕ್ಕು ಕಂಕುಳಲ್ಲಿರುವಾಗಲೇ ಫೋನು ಬಡಿದುಕೊಂಡಿತು. ಬೋರಲಿಂಗಯ್ಯ. ನಿನ್ನೆ ರಾತ್ರಿ ಆಪರೇಷನ್ ಆಯಿತು, ಎರಡು ಬೆರಳು ತೆಗೆದರು, ಉಳಿದ ಮೂರು ನಿಂತವು ಎಂದ. ಅವಳು ನೆಲದ ಮೇಲೆ ಕೂತಳು. ಏನಾದರೂ ಕೇಳಬೇಕು ಎನ್ನುವಷ್ಟರಲ್ಲಿ ಆ ಕಡೆ ಫೋನು ಕೈ ಬದಲಾಯಿತು.

"ಅವ್ವ, ದೊಡ್ದು ಉಣ್ತಾ?"

"ಉಣ್ತು ಕಣಪ್ಪ."

"ಕೈಯಿಂದ್ಲೇ ಈಸ್ಕತಾ?"

"ಕೈಯಿಂದ್ಲೇಯ."

ನರೇಂದ್ರ ಮೆಲ್ಲಗೆ ನಕ್ಕ ಹಾಗೆ ಕೇಳಿಸಿತು. ಬೆರಳು ಹೋದ ಮೇಲೆ ಅವನ ಮೊದಲ ನಗು ಅದು. ಫೋನು ಇಟ್ಟ ಮೇಲೆ ಮುನಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಹುಳು ಸೊಪ್ಪು ಮುಗಿಸಿ ತಲೆ ಆಡಿಸುತ್ತಿದ್ದವು. ಹಿಂದಿನ ಕೋಣೆಗೆ ಹೋಗಿ ಸೊಪ್ಪಿನ ರಾಶಿಯ ಗೋಣಿತಾಟು ಎತ್ತಿದಳು.

ಸೊಪ್ಪಿನ ಮೇಲೆ ಹಾವು ಸುತ್ತಿಕೊಂಡು ಮಲಗಿತ್ತು. ಅವಳ ಕೈಗೆ ಒನಕೆ ಬಂದದ್ದೂ ಗೊತ್ತಾಗಲಿಲ್ಲ, ಅದು ತಲೆಯ ಮೇಲೆ ಏರಿದ್ದೂ ಗೊತ್ತಾಗಲಿಲ್ಲ. ಹೊಡೆಯುವ ಮುಂಚೆ ಕೆಂಪು ಗೀರು ಕಂಡಿತು. ಒನಕೆ ಹಾಗೇ ನಿಂತಿತು.

ಮೈಯೆಲ್ಲ ಗೋಣಿಯ ನಾರು, ಸುಣ್ಣದ ಧೂಳು, ಎಲೆಯ ಚೂರು. ಗೋಣಿಯ ತೇವ ಅದನ್ನು ಉಳಿಸಿತ್ತು. ಕಿವಿರು ಮೆಲ್ಲಗೆ ಆಡುತ್ತಿತ್ತು. ಒದ್ದೆ ಬಟ್ಟೆ ಹಾಕಿ ಅದನ್ನು ಎತ್ತಿಕೊಂಡಳು. ಕೈಯೊಳಗೆ ಅದು ಒಮ್ಮೆ ಸುತ್ತಿ ಬಿಚ್ಚಿಕೊಂಡಿತು. "ಬಾರಪ್ಪ, ಬಾ," ಎಂದು ಗೊಣಗುತ್ತ ನಡುಮನೆಗೆ ಬಂದವಳು ತೊಟ್ಟಿಯ ಮುಂದೆ ನಿಂತುಬಿಟ್ಟಳು.

ನೆಲಕ್ಕೆ ಬಿದ್ದ ಹುಳುವನ್ನು ಅವಳು ಯಾವತ್ತೂ ಹಾಸಿಗೆಗೆ ಮರಳಿ ಬಿಟ್ಟವಳಲ್ಲ. ಬಿದ್ದದ್ದಕ್ಕೆ ರೋಗ ತಗುಲಿರುತ್ತದೆ. ರೋಗ ಬಂದು ಮೈಯಿಂದ ಹಾಲಿನಂಥ ನೀರು ಸುರಿಸುವ ಒಂದು ಹಾಲುಹುಳು ಸಾಕು, ಇಡೀ ಬೆಳೆ ಕೊಳೆತು ನಾರುವುದಕ್ಕೆ. ಹಾಗೆ ಬಿದ್ದವನ್ನು ಸುಣ್ಣದ ಬಾಂಡ್ಲಿಗೆ ಹಾಕಿ ಮುಗಿಸುತ್ತಿದ್ದಳು. ಇದನ್ನು ಮುಗಿಸುವ ಹಾಗಿಲ್ಲ. ಇದ್ದ ಹಾಗೆ ಬಿಟ್ಟರೆ ಚಿಕ್ಕವೆರಡಕ್ಕೂ ಏನಾದರೂ ತಗುಲಿದರೆ? ಊರಿನಲ್ಲಿ ಎಲ್ಲರ ಬೆಳೆ ಕೆಟ್ಟಾಗಲೂ ಮುನಿಯಮ್ಮನ ಹುಳು ಕೆಡುತ್ತಿರಲಿಲ್ಲ, ಯಾಕೆಂದರೆ ಅವಳು ಯಾವುದನ್ನೂ ಹಾಗೇ ಒಳಕ್ಕೆ ಬಿಡುತ್ತಿರಲಿಲ್ಲ.

ಹುಳು ಮನೆಯ ಹೊಸ್ತಿಲಲ್ಲಿ ಬೇಸಿನ್ ಇತ್ತು. ಬ್ಲೀಚಿಂಗ್ ಪೌಡರು, ಸುಣ್ಣ ಕದಡಿದ ಬೆಳ್ಳನೆ ನೀರು. ಒಳಗೆ ಹೋಗುವ ಪ್ರತಿ ಕೈ, ಪ್ರತಿ ಕಾಲು ಅದರಲ್ಲಿ ಅದ್ದಿಯೇ ಹೋಗಬೇಕು. ಅವಳು ಮೀನನ್ನು ಅದರಲ್ಲಿ ಒಮ್ಮೆ ಅದ್ದಿ, ಬೆರಳಿನಿಂದ ಧೂಳು ಸವರಿ ತೆಗೆದಳು. ಕೂಸಿಗೆ ಎರೆಯುವಷ್ಟೇ ಮೆತ್ತಗೆ. ತೊಟ್ಟಿಗೆ ಬಿಟ್ಟಳು. ಆಮೇಲೆ ಬಲೆ ಬಿಚ್ಚಿ ಅದನ್ನೂ ಅದೇ ನೀರಿನಲ್ಲಿ ಅದ್ದಿ ಹಿಂಡಿದಳು. ಫಿಲ್ಟರಿನ ಸ್ಪಂಜು ಕಪ್ಪಗಾಗಿ ಲೋಳೆ ಹಿಡಿದಿತ್ತು, ಅದನ್ನೂ ಅದರಲ್ಲೇ ತೊಳೆದು ಬೆಳ್ಳಗೆ ಮಾಡಿ ಹಾಕಿದಳು. ಬಲೆಯನ್ನು ಈ ಸಲ ಮೂರು ಮಡಿಕೆ ಮಾಡಿ ಕಟ್ಟಿ, ವೈರಿನ ಮೂಲೆಯನ್ನು ಸೂಜಿ ದಾರದಿಂದ ಹೊಲಿದೇಬಿಟ್ಟಳು. ಒದ್ದೆ ಬಲೆಯಿಂದ ಹನಿ ತೊಟ್ಟಿಕ್ಕುತ್ತಿತ್ತು.

ದೊಡ್ಡದು ತೊಟ್ಟಿಯ ಈ ತುದಿಯಿಂದ ಆ ತುದಿಗೆ ರಭಸವಾಗಿ ಓಡಾಡಿತು. ಜೀವ ಬಂತು ಎಂದುಕೊಂಡಳು. ಆ ದಿನ ಕೂತು ಊಟ ಮಾಡಿದಳು.

ಮಧ್ಯಾಹ್ನದ ಸೊಪ್ಪು ಹಾಕಿ ಬಂದು ನೋಡಿದಾಗ ದೊಡ್ಡದು ಮರಳಿನ ಮೇಲೆ ಅಲ್ಲಾಡದೆ ಇತ್ತು. ತಲೆ ಸ್ವಲ್ಪ ಮೇಲೆತ್ತಿತ್ತು. ಮೈಯಿಂದ ಬೆಳ್ಳನೆ ತೆಳು ಪೊರೆಯೊಂದು ಬಿಟ್ಟುಕೊಂಡು ನೀರಿನಲ್ಲಿ ತೇಲಾಡುತ್ತಿತ್ತು. ಕೆಂಪು ಗೀರು ಮಸುಕಾಗಿತ್ತು. ಚಿಕ್ಕವೂ ಮರಳಿನಿಂದ ಎದ್ದು ಮೂಲೆಯಲ್ಲಿ ಹಾಗೇ ನಿಂತಿದ್ದವು. ಅವುಗಳ ಮೈ ಕೂಡ ಮಬ್ಬಾಗಿತ್ತು.

ಮುನಿಯಮ್ಮ ಬಹಳ ಹೊತ್ತು ನೋಡಿದಳು. ಹುಟ್ಟಿದಾಗಿನಿಂದ ನೋಡಿದ ನೋಟ ಅದು. ತಲೆ ಎತ್ತಿ ಅಲ್ಲಾಡದೆ ನಿಲ್ಲುವುದು, ಬಣ್ಣ ಕಳೆಯುವುದು, ಪೊರೆ ಬಿಡುವುದು. ಜ್ವರಕ್ಕೆ ಹೋದವನ್ನು ಮುಟ್ಟಬಾರದು, ಮೇವು ಹಾಕಬಾರದು, ಸದ್ದು ಮಾಡಬಾರದು. ಎದ್ದ ಮೇಲೆ ದುಪ್ಪಟ್ಟು ತಿಂದು ದುಪ್ಪಟ್ಟು ಬೆಳೆಯುತ್ತವೆ. ಅವಳು ತೊಟ್ಟಿಯ ಮೇಲೆ ಹಳೆ ಸೀರೆ ಹೊದಿಸಿ ಕತ್ತಲು ಮಾಡಿ, ಬೆಕ್ಕನ್ನು ಹೊರಗೆ ಹಾಕಿ, ಬಾಗಿಲು ಮುಂದಕ್ಕೆಳೆದುಕೊಂಡಳು. ಸೊಪ್ಪು ತಂದ ಚೆಲುವಯ್ಯ ಬಾಯಿ ತೆರೆಯುವ ಮೊದಲೇ ತುಟಿಯ ಮೇಲೆ ಬೆರಳಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ನರೇಂದ್ರನೇ ಫೋನು ಮಾಡಿದ. ನಾಳೆ ಬಿಡುತ್ತಾರಂತೆ, ಬರುತ್ತೇನೆ ಎಂದ. ದನಿ ಬಲವಾಗಿತ್ತು. ಎರಡು ಇಡ್ಲಿ ತಿಂದೆ ಎಂದೂ ಹೇಳಿದ. ಆಮೇಲೆ ಈಲು ಹೇಗಿವೆ ಎಂದು ಕೇಳಿದ. ಈ ಸಲ ಮುನಿಯಮ್ಮನಿಗೆ ಸುಳ್ಳು ಹೇಳುವ ಅಗತ್ಯ ಕಾಣಲಿಲ್ಲ.

"ಜ್ವರಕ್ಕೋಗವೆ ಕಣಪ್ಪ. ಮುಟ್ಟಿಲ್ಲ ನಾನು. ಕತ್ಲು ಮಾಡೀನಿ."

"ಮೀನ್ಗೆ ಎಂಥ ಜ್ವರವ್ವ?"

"ಪೊರೆ ಬುಡ್ತಾವೆ. ಬೆಳ್ಳಗೆ."

ಆ ಕಡೆ ಆಸ್ಪತ್ರೆಯ ಗಾಡಿಯೊಂದು ಗಡಗಡ ಉರುಳಿ ಹೋದದ್ದು ಕೇಳಿಸಿತು.

"ಅವ್ವ, ನೀರಿಗೆ ಏನ್ ಹಾಕ್ದೆ?"

"ಏನೂ ಹಾಕ್ಲಿಲ್ಲ. ಪರ್ದೆ ತೊಳ್ದೆ. ಸ್ಪಂಜು ತೊಳ್ದೆ. ದೊಡ್ದು ಆಚೆ ಬಂದಿತ್ತು, ಒಸಿ ಅದ್ದಿ ಬುಟ್ಟೆ."

"ಯಾವ್ದರಲ್ಲಿ?"

"ಹೊಸ್ಲು ಬೇಸನ್ನಲ್ಲಿ." ಅವಳು ಫೋನನ್ನು ಇನ್ನೊಂದು ಕಿವಿಗೆ ಒತ್ತಿಕೊಂಡಳು. "ಹುಳೀನಂಗೆ ಅಂತ ನೀನೇ ಅಂದಿದ್ದೆ ಕಣಪ್ಪ."

ಅವನು ಬೈಯಲಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ಟಿವಿಯ ಮೇಲೆ ಇಡು, ಬಕೆಟ್ಟಿಗೆ ಬೋರ್‌ವೆಲ್ ನೀರು ತುಂಬು, ಪಂಪಿನ ಪೈಪು ಅದಕ್ಕೆ ಹಾಕು, ಮೂರನ್ನೂ ಅದಕ್ಕೆ ಬಿಡು ಎಂದ. ಅವಳು ಓಡಿದಳು. ಹೊಲಿದ ದಾರ ಬಿಚ್ಚಲು ಬಾರದೆ ಕುಡುಗೋಲು ತಂದು ಬಲೆಯನ್ನೇ ಸೀಳಿದಳು. ಸೀರೆ ತೆಗೆದಾಗ ಬ್ಲೀಚಿಂಗ್ ವಾಸನೆ ತೆಳ್ಳಗೆ ಮೂಗಿಗೆ ಬಂತು. ದಿನವೂ ಅದರಲ್ಲೇ ಇರುವ ಮೂಗು ಅಲ್ಲಿಯವರೆಗೆ ಅದನ್ನು ಹಿಡಿದಿರಲಿಲ್ಲ. ದೊಡ್ಡದು ಹಗ್ಗದ ತುಂಡಿನ ಹಾಗೆ ಕೈಗೆ ಬಂತು. ಅದರ ಲೋಳೆ ಅವಳ ಅಂಗೈಯಲ್ಲೇ ಉಳಿಯಿತು.

"ಬುಟ್ಟಾ?" ಟಿವಿಯ ಮೇಲಿನಿಂದ ಮಗ ಕೇಳಿದ.

"ಬುಟ್ಟೆ."

"ಕಿವಿರು ಆಡ್ತಾವ?"

ಅವಳು ಬಕೆಟ್ಟಿನ ಮೇಲೆ ಬಗ್ಗಿದಳು. "ಒಂದ್ರದು ಆಡ್ತೈತೆ. ಚಿಕ್ಕುದ್ರದು."

"ನೀರು ಒಸಿ ಕದಡು. ಮೆಲ್ಲುಕೆ. ಗಾಳಿ ಸಿಗ್ಲಿ."

ಅವಳು ಕೈಯಿಂದ ನೀರು ಕದಡುತ್ತ ಕೂತಳು. ಹಿಂದೆ ಹುಳು ಮನೆಯಲ್ಲಿ ಹುಳು ಹಸಿದು ಸದ್ದಿಲ್ಲದೆ ಇದ್ದವು. ಮಗ ಆಗಾಗ "ಈಗ?" ಎನ್ನುತ್ತಿದ್ದ. ಅವಳು "ಆಡ್ತೈತೆ" ಎನ್ನುತ್ತಿದ್ದಳು. ಒಂದು ಸಲ ಅವನು "ಈಗ?" ಎಂದಾಗ ಅವಳ ಕೈ ನೀರಿನಿಂದ ಹೊರಗೆ ಬಂದಿತ್ತು, ಕದಡುವ ಸದ್ದು ನಿಂತಿತ್ತು. ಅವನು ಮತ್ತೆ ಕೇಳಲಿಲ್ಲ. ಕೊನೆಗೆ ನರೇಂದ್ರನೇ, "ಹುಳೀಗೆ ಸೊಪ್ಪು ಹಾಕೋಗವ್ವ," ಎಂದ.

ಮರುದಿನ ಅವನು ಬಂದಾಗ ಹುಳು ಹಣ್ಣಾಗಲು ಶುರುವಾಗಿದ್ದವು. ಮೈ ಪಾರದರ್ಶಕವಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತ ಅಲೆಯುತ್ತಿದ್ದವು. ಆಯ್ದು ಗೂಡು ಕಟ್ಟುವ ಬಿದಿರು ತಟ್ಟೆ ಚಂದ್ರಿಕೆಗೆ ಬಿಡಲು ಕೈ ಸಾಲದೆ ಚೆಲುವಯ್ಯನೂ ನಿಂತಿದ್ದ. ಗಫಾರ್ ಕಳಿಸಿದ ಗಾಜನ್ನು ಅವನೇ ಪೇಪರಿನಲ್ಲಿ ಸುತ್ತಿ ತಂದು ಗೋಡೆಗೆ ಒರಗಿಸಿದ್ದ. ಅದರ ಜೊತೆಗೆ ಎರಡು ಕಡ್ಡಿಗಳನ್ನೂ ಗಫಾರ್ ವಾಪಸು ಕಳಿಸಿದ್ದ.

ನರೇಂದ್ರನ ಬಲಗೈಗೆ ಎಳನೀರಿನಷ್ಟು ದಪ್ಪ ಬ್ಯಾಂಡೇಜು. ತೊಟ್ಟಿಯ ಮುಂದೆ ನಿಂತ. ಮುನಿಯಮ್ಮ ನೀರು ಚೆಲ್ಲಿರಲಿಲ್ಲ. ಮರಳು ಸಮವಾಗಿತ್ತು, ಪಂಪು ಓಡುತ್ತಿತ್ತು. ಮೂರನ್ನೂ ಎಲ್ಲಿ ಹಾಕಿದೆ ಎಂದು ಅವನು ಕೇಳಿದ. ರೇಷ್ಮೆ ತೋಟದಲ್ಲಿ, ಬಾವಿ ಕಡೆಯ ಸಾಲಿನಲ್ಲಿ ಎಂದಳು. ತಲೆ ಆಡಿಸಿದ.

"ಅಂದಿದ್ದೆ ಕಣವ್ವ, ಹುಳೀನಂಗೆ ಅಂತ," ಎಂದ ಆಮೇಲೆ. ಅವಳು ಅವನ ಮುಖ ನೋಡಲಿಲ್ಲ.

ಅವನು ಎಡಗೈಯಿಂದ ಪೇಪರು ಬಿಚ್ಚಿ ಗಾಜಿನ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಅವಳು ಹಿಡಿದಳು. ಇಬ್ಬರೂ ಎತ್ತಿ ತೊಟ್ಟಿಯ ಬಾಯಿಗೆ ಇಟ್ಟರು. ಗಾಜು ಎಲ್ಲ ಕಡೆಯೂ ಕೂದಲೆಳೆ ಸಂದಿಲ್ಲದೆ ಕೂತಿತು. ಮೂಲೆಯಲ್ಲಿ ವೈರಿಗೆಷ್ಟು ಬೇಕೋ ಅಷ್ಟೇ ಜಾಗ. ನರೇಂದ್ರ ಪಂಪು ಆರಿಸಿದ. ಹಿಂದೆ ಹೋಗಿ, ಹೊಸ್ತಿಲ ಬೇಸಿನ್ನಿನಲ್ಲಿ ಎಡಗೈ ಅದ್ದಿ, ಹುಳು ಆಯಲು ಕೂತ.

ಹೋದದ್ದು ಬೆರಳು ಎರಡು. ಮೀನು ಮೂರು.